ನೀವು ಕೇಳಿದ್ದು: ನಂದಿಬೆಟ್ಟಕ್ಕೆ ನೀಲಗಿರಿ ಪಾರಿವಾಳ ಹೆಂಗೆ ಬಂತು?

ಈ ತಿಂಗಳು ಬಂದ ಪತ್ರಗಳಲ್ಲಿ ಪಾರಿವಾಳದ್ದೇ ಹೆಚ್ಚು. ಒಬ್ಬರು ಕೇಳಿದ್ದು ಇನ್ನೊಬ್ಬರ ಪ್ರಶ್ನೆಗೆ ತಾಗಿಕೊಂಡೇ ಇದೆ, ಹಾಗಾಗಿ ಈ ಸಲ ಎಲ್ಲಾ ಪಾರಿವಾಳಕ್ಕೇ ಮೀಸಲು, ಹಾವಿನ ಬಗ್ಗೆ ಬರೆದವರು ಮುಂದಿನ ತಿಂಗಳ ತನಕ ಕಾಯಬೇಕು.

ಪ್ರಶ್ನೆ: ವಾರಕ್ಕೊಂದು ಸಲ ಬೆಳಿಗ್ಗೆ ನಂದಿಬೆಟ್ಟ ಹತ್ತೋದು ನನ್ನ ಅಭ್ಯಾಸ. ಡಿಸೆಂಬರ್‌ನಲ್ಲಿ ಒಂದಿನ ಮಂಜು ಬಿದ್ದಿತ್ತು, ಮೇಲಿನ ನರ್ಸರಿ ಹತ್ರ ಮರದ ತುದಿಯಲ್ಲಿ ದೊಡ್ಡ ಪಾರಿವಾಳ ಕೂತಿತ್ತು, ಬೆನ್ನು ಕೆಂಗಂದು, ಕುತ್ತಿಗೆ ಹಿಂದೆ ಚೆಸ್ ಬೋರ್ಡ್ ಥರ ಕಪ್ಪು ಬಿಳಿ. ಕ್ಯಾಮೆರಾ ಹಿಡಿದಿದ್ದ ಒಬ್ಬ ಹುಡುಗ ಅದು ನೀಲಗಿರಿ ಪಾರಿವಾಳ ಅಂದ. ನೀಲಗಿರಿ ಎಲ್ಲಿ, ನಂದಿ ಎಲ್ಲಿ? ನಂಬೋದಾ? – ಚಿಕ್ಕಬಳ್ಳಾಪುರದಿಂದ ಒಬ್ಬರು

ಉತ್ತರ: ನಂಬಿ ಸಾರ್, ಆ ಹುಡುಗ ಸರಿಯಾಗೇ ಹೇಳಿದ್ದಾನೆ. ನೀವು ಬರೆದ ಎರಡೇ ಗುರುತು, ಕೆಂಗಂದು ಬೆನ್ನು ಮತ್ತೆ ಕುತ್ತಿಗೆ ಹಿಂದಿನ ಚೌಕಳಿ, ಅಷ್ಟೇ ಸಾಕು, ಇವೆರಡೂ ಒಟ್ಟಿಗೆ ಇರೋ ಪಾರಿವಾಳ ನಮ್ಮ ಕಡೆ ಬೇರೆ ಯಾವುದೂ ಇಲ್ಲ. ನೀಲಗಿರಿ ಕಾಡುಪಾರಿವಾಳ ಅಂತಾರೆ, ವೈಜ್ಞಾನಿಕ ಹೆಸರು ಕೊಲಂಬ ಎಲ್ಫಿನ್‌ಸ್ಟೋನಿ.

ಅದರ ಮೈ ಹೇಗಿರತ್ತೆ ಅಂತ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಇದನ್ನ ಒಂದು ಸಲ ನೋಡಿದವರೂ ಎರಡನೇ ಸಲ ಗಡಿಬಿಡಿಯಲ್ಲಿ ತಪ್ಪು ಮಾಡ್ತಾರೆ. ಉದ್ದ 36ರಿಂದ 42 ಸೆಂಟಿಮೀಟರ್, ಅಂದ್ರೆ ಊರಿನ ಪಾರಿವಾಳಕ್ಕಿಂತ ಕಣ್ಣಿಗೆ ಕಾಣೋ ಅಷ್ಟು ದೊಡ್ಡದು, ಬಾಲಾನೂ ಉದ್ದ. ತಲೆ, ಎದೆ, ಹೊಟ್ಟೆ ಬೂದು ಬಣ್ಣ. ಬೆನ್ನು ಮತ್ತು ರೆಕ್ಕೆ ಮೇಲೆ ಕೆಂಗಂದು, ನೆರಳಲ್ಲಿ ಕೂತಾಗ ಬರೀ ಕಂದು ಅನ್ಸತ್ತೆ, ಎಳೆಬಿಸಿಲು ಬಿತ್ತು ಅಂದ್ರೆ ಭುಜದ ಹತ್ರ ನೇರಳೆ ಹಸಿರು ಹೊಳಪು ಎದ್ದು ಬರತ್ತೆ. ಕೊಕ್ಕಿನ ಬುಡ ಕೆಂಪು, ತುದಿ ಮಾತ್ರ ತಿಳಿ ಬಣ್ಣ. ಕಾಲೂ ಕೆಂಪು. ಬಾಲ ಪೂರ್ತಿ ಕಡುಬಣ್ಣ, ಅದರಲ್ಲಿ ಪಟ್ಟಿ ಗಿಟ್ಟಿ ಏನೂ ಇಲ್ಲ, ಈ ಮಾತು ನೆನಪಿಟ್ಕೊಳ್ಳಿ, ಮುಂದಿನ ಪ್ರಶ್ನೆಗೆ ಬೇಕಾಗತ್ತೆ.

ಇನ್ನು ಆ ಚೌಕಳಿ. ಕುತ್ತಿಗೆ ಹಿಂದಿನ ಗರಿಗಳ ಆಕಾರನೇ ಬೇರೆ, ಬುಡ ಕಪ್ಪು, ತುದಿ ಬಿಳಿ. ಮಾಡಿಗೆ ಹಂಚು ಹೊದಿಸಿದ ಹಾಗೆ ಒಂದರ ಮೇಲೆ ಒಂದು ಕೂತಾಗ ಪ್ರತಿ ಸಾಲಲ್ಲೂ ಬಿಳಿ ತುದಿಗಳ ನಡುವೆ ಕೆಳಗಿನ ಕಪ್ಪು ಇಣುಕತ್ತೆ, ದೂರದಿಂದ ನೋಡೋರಿಗೆ ಅದು ಚೆಸ್ ಬೋರ್ಡ್. ನಮ್ಮ ತೋಟ ಹಿತ್ತಲಲ್ಲಿ ಓಡಾಡೋ ಚುಕ್ಕೆ ಬೆಳವಕ್ಕೂ (ಮಲೆನಾಡು ಕರಾವಳಿ ಕಡೆ ಚೋರೆ ಅಂತೀವಲ್ಲ) ಕುತ್ತಿಗೆ ಹಿಂದೆ ಕಪ್ಪು ಮೇಲೆ ಬಿಳಿ ಚುಕ್ಕೆ ಇರತ್ತೆ, ಅದಕ್ಕೇ ಎಷ್ಟೋ ಜನ ಕಲಸಿಕೊಳ್ತಾರೆ, ಆದ್ರೆ ಬೆಳವ 30 ಸೆಂಟಿಮೀಟರ್ ಆಸುಪಾಸು ಅಷ್ಟೇ, ರೆಕ್ಕೆ ಮೇಲೂ ಚುಕ್ಕೆ ಇರತ್ತೆ, ನೆಲದ ಮೇಲೆ ಕಾಳು ಹೆಕ್ತಾ ಮನುಷ್ಯರ ಪಕ್ಕದಲ್ಲೇ ಓಡಾಡತ್ತೆ. ಕಾಡುಪಾರಿವಾಳ ಹಾಗಲ್ಲ, ಅದು ಮರದ ನೆತ್ತಿಯ ಹಕ್ಕಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಹೆಸರಲ್ಲಿ ನೀಲಗಿರಿ ಇದೆ ಅಂತ ಅದು ನೀಲಗಿರಿಯದ್ದು ಮಾತ್ರ ಅಂದ್ಕೋಬೇಡಿ. ಇದಕ್ಕೆ ವಿಜ್ಞಾನದಲ್ಲಿ ಹೆಸರು ಬಿದ್ದಿದ್ದು 1832ರಲ್ಲಿ, ಇಟ್ಟವನು ಬಾಂಬೆ ಸೈನ್ಯದ ಅಧಿಕಾರಿ ಸೈಕ್ಸ್, ಅವನು ದಖ್ಖನ್ ಹಕ್ಕಿಗಳ ಪಟ್ಟಿ ಮಾಡ್ತಾ ಇದ್ದ, ಬಾಂಬೆ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟೋನ್ ಹೆಸರನ್ನ ಹಕ್ಕಿಗೆ ಕೊಟ್ಟ. ಅಂದ್ರೆ ಈ ಹಕ್ಕಿ ಪುಸ್ತಕ ಸೇರಿದ್ದು ಇವತ್ತಿನ ಮಹಾರಾಷ್ಟ್ರದ ಕಡೆಯಿಂದ! ಮಹಾಬಲೇಶ್ವರದ ಕಡೆಯ ಘಟ್ಟದಿಂದ ಹಿಡಿದು ಗೋವಾ ಗಡಿ, ಉತ್ತರ ಕನ್ನಡ, ಆಗುಂಬೆ, ಕುದುರೆಮುಖ, ಬಾಬಾಬುಡನ್‌ಗಿರಿ, ಕೊಡಗು, ವಯನಾಡು, ನೀಲಗಿರಿ, ಆನೆಮಲೆ, ಮುನ್ನಾರ್, ಕೊನೆಗೆ ಕೇರಳ ತಮಿಳುನಾಡಿನ ತುದಿಯ ಅಗಸ್ತ್ಯಮಲೆ ತನಕ ಪಶ್ಚಿಮ ಘಟ್ಟ ಎಲ್ಲೆಲ್ಲಿ ಒದ್ದೆಯಾಗಿ ಹಸಿರಾಗಿ ಉಳಿದಿದೆಯೋ ಅಲ್ಲೆಲ್ಲಾ ಇದೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇಷ್ಟು ಉದ್ದದ ಸೀಮೆಯಲ್ಲಿ ಹೆಚ್ಚಿನ ಜಾಗಕ್ಕೆ ನೀಲಗಿರಿ ಅನ್ನೋ ಹೆಸರು ಒಪ್ಪಲ್ಲ, ನನ್ನ ಕೇಳಿದ್ರೆ ಘಟ್ಟದ ಪಾರಿವಾಳ ಅಂತಲೇ ಕರೀಬೇಕಿತ್ತು.

ಘಟ್ಟ ಬಿಟ್ಟು ಪೂರ್ವಕ್ಕೆ ಒಂದೆರಡು ಎತ್ತರದ ಬೆಟ್ಟಗಳಲ್ಲಿ ಇದೆ, ಬಿಳಿಗಿರಿರಂಗನ ಬೆಟ್ಟ ಒಂದು, ನಿಮ್ಮ ನಂದಿ ಇನ್ನೊಂದು. ನಂದಿಯ ಎತ್ತರ 1478 ಮೀಟರ್. ಕೆಳಗೆ ಸುತ್ತ ಬಯಲುಸೀಮೆ, ಬಂಡೆ, ದ್ರಾಕ್ಷಿ ತೋಟ, ಮೇಲೆ ಮಾತ್ರ ಮೋಡ ತಡೆದು ಮಂಜು ಹಿಡಿದಿಟ್ಟುಕೊಂಡ ಒಂದು ತುಂಡು ನಿತ್ಯಹಸಿರು ಕಾಡು. ನೀವು ವಾರವಾರ ಹತ್ತೋರು, ಮೇಲೆ ಹೋದಂಗೆ ಗಾಳಿಯ ತಂಪು ಬದಲಾಗೋದು ನಿಮಗೇ ಗೊತ್ತಲ್ಲ. ಹಕ್ಕಿಗೆ ಬೇಕಾಗಿರೋದು ಆ ತಂಪಲ್ಲಿ ಬೆಳೆಯೋ ಹಣ್ಣಿನ ಮರ. ಅದು ಇದ್ರೆ ಅಲ್ಲಿ ಸಮುದ್ರದ ಮಧ್ಯದ ದ್ವೀಪದ ಥರ ಇದೊಂದು ಹಕ್ಕಿ ಉಳ್ಕೊಳ್ಳತ್ತೆ. ವರ್ಷಗಳಿಂದ ಹಕ್ಕಿ ನೋಡೋರು ನಂದಿಯಲ್ಲಿ ಇದನ್ನ ಗುರುತು ಮಾಡ್ತಾ ಬಂದಿದ್ದಾರೆ, ನೀವು ನೋಡಿದ್ದು ಹೊಸ ಅತಿಥಿ ಏನಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಪಶ್ಚಿಮ ಘಟ್ಟದ ಮಧ್ಯೆ ಪಾಲಕ್ಕಾಡ್ ಹತ್ರ ದೊಡ್ಡ ಕಂಡಿ ಇದೆ, ಸುಮಾರು 30 ಕಿಲೋಮೀಟರ್ ಅಗಲ, ಅಲ್ಲಿ ಬೆಟ್ಟನೇ ಇಲ್ಲ. ಶೋಲಾ ಕಾಡಿನ (ಎತ್ತರದ ಬೆಟ್ಟಗಳ ಕಣಿವೆಯಲ್ಲಿ ಹುಲ್ಲುಗಾವಲ ನಡುವೆ ಬೆಳೆಯೋ ನಿತ್ಯಹಸಿರು ಕಾಡು) ಸಣ್ಣ ಹಕ್ಕಿಗಳು ಇದನ್ನ ದಾಟೋಕಾಗದೆ ಉತ್ತರಕ್ಕೆ ಒಂದು ಜಾತಿ, ದಕ್ಷಿಣಕ್ಕೆ ಇನ್ನೊಂದು ಜಾತಿ ಅಂತ ಬೇರೆ ಬೇರೆಯೇ ಆಗಿಹೋಗಿವೆ. ಈ ಪಾರಿವಾಳ ಮಾತ್ರ ಕಂಡಿಯ ಎರಡೂ ಕಡೆ ಒಂದೇ, ಉಪಜಾತಿ ಅಂತ ಕೂಡ ಯಾರೂ ಬೇರೆ ಮಾಡಿಲ್ಲ. ರೆಕ್ಕೆಯ ಬಲ ಅಷ್ಟಿದೆ. ಹಣ್ಣು ಎಲ್ಲಿ ಮಾಗಿದೆಯೋ ಅಲ್ಲಿಗೆ ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗ್ತಾ ಇರತ್ತೆ, ಹಾಗಾಗಿ ಒಂದೇ ಜಾಗದಲ್ಲಿ ಒಂದು ತಿಂಗಳು ನಾಲ್ಕು ಕಂಡು ಮುಂದಿನ ತಿಂಗಳು ಒಂದೂ ಕಾಣದೇ ಇದ್ರೆ ಗಾಬರಿ ಬೇಡ.

ಪ್ರಶ್ನೆ: ಮೂಡಿಗೆರೆ ಹತ್ರ ನಮ್ಮದು ಕಾಫಿ ತೋಟ. ಸಂಜೆ ಹೊತ್ತು ದೊಡ್ಡ ಪಾರಿವಾಳಗಳು ಕಾಡಿನ ಕಡೆಗೆ ಎತ್ತರದಲ್ಲಿ ಹಾರಿ ಹೋಗ್ತವೆ, ಬಾಲದ ತುದಿಯಲ್ಲಿ ತಿಳಿ ಬಣ್ಣದ ಪಟ್ಟಿ ಕಾಣತ್ತೆ. ನಮ್ಮ ಮಾವ ಇದೇ ನೀಲಗಿರಿ ಪಾರಿವಾಳ ಅಂತಾರೆ, ನನಗೆ ಅನುಮಾನ.

ಉತ್ತರ: ನಿಮ್ಮ ಅನುಮಾನವೇ ಸರಿ ಮೇಡಂ. ಮಾವನವರದ್ದೂ ದೊಡ್ಡ ತಪ್ಪೇನಲ್ಲ ಬಿಡಿ, ಘಟ್ಟದಲ್ಲಿ ಇವೆರಡನ್ನ ಕಲಸಿಕೊಳ್ಳದೇ ಇರೋರು ಕಡಿಮೆ, ಎರಡೂ ದೊಡ್ಡವು, ಎರಡಕ್ಕೂ ಬೆನ್ನು ಕಂದು, ಎರಡೂ ಎತ್ತರದ ಮರದ ತುದಿಯಲ್ಲಿ ಕೂರ್ತವೆ.

ನಿಮ್ಮ ತೋಟದ ಮೇಲೆ ಹಾರೋದು ಇಂಗ್ಲಿಷ್ ಪುಸ್ತಕದಲ್ಲಿ ಮೌಂಟನ್ ಇಂಪೀರಿಯಲ್ ಪಿಜನ್ ಅನ್ನೋ ಹಕ್ಕಿ, ನಮ್ಮ ಘಟ್ಟದ್ದನ್ನ ಈಗ ಕೆಲವರು ಮಲಬಾರ್ ಇಂಪೀರಿಯಲ್ ಪಿಜನ್ ಅಂತ ಬೇರೆ ಜಾತಿಯಾಗೇ ಎಣಿಸ್ತಾರೆ. ಅದು ಇನ್ನೂ ದೊಡ್ಡದು, 43ರಿಂದ 51 ಸೆಂಟಿಮೀಟರ್, ನಮ್ಮ ದೇಶದ ಪಾರಿವಾಳಗಳಲ್ಲೇ ದೊಡ್ಡದು ಅಂದ್ರೆ ಅದೇ. ತಲೆ ತಿಳಿ ಬೂದು, ಕುತ್ತಿಗೆ ಮೇಲೆ ಚೌಕಳಿ ಇಲ್ಲವೇ ಇಲ್ಲ, ಬಾಲದ ಬುಡ ಕಪ್ಪಗಿದ್ದು ತುದಿಯಲ್ಲಿ ಅಗಲವಾದ ತಿಳಿ ಪಟ್ಟಿ. ಹಾರುವಾಗ ಕುತ್ತಿಗೆ ನೋಡೋಕೆ ಟೈಮ್ ಸಿಗಲ್ಲ, ಆಗ ಬಾಲ ನೋಡಿ: ಪಟ್ಟಿ ಇದ್ರೆ ಇಂಪೀರಿಯಲ್, ಪೂರ್ತಿ ಕಪ್ಪಗಿದ್ರೆ ನೀಲಗಿರಿ. ಇದೊಂದು ಗುರುತು ಮನಸ್ಸಲ್ಲಿ ಕೂತ್ರೆ ಆಮೇಲೆ ತಪ್ಪಲ್ಲ.

ಕೂಗೂ ಬೇರೆ. ಇಂಪೀರಿಯಲ್ ಪಾರಿವಾಳದ್ದು ಬಾವಿಯೊಳಗಿಂದ ಬಂದಂಗೆ ಹೂಂಂ ಹೂಂಂ ಅಂತ ಗುಂಯ್‌ಗುಡೋ ದನಿ. ನೀಲಗಿರಿಯದ್ದು ಮೊದಲು ಒಂದು 'ಹೂ', ಸ್ವಲ್ಪ ತಡೆದು 'ಹೂ ಹೂ ಹೂ' ಅಂತ ಆಳದ ದನಿ, ಥೇಟ್ ಮುಸುವ ಕೂಗಿದ ಹಾಗೆ. ನಾನು ಮೊದಲ ಸಲ ಕೇಳಿದ್ದು ಕುದುರೆಮುಖದ ಕಡೆ, ಜೊತೆಗಿದ್ದ ಫಾರೆಸ್ಟ್ ವಾಚರ್ ಅಣ್ಣ ಕೈ ತೋರಿಸಿ 'ಅಕ್ಕಾ ಅದು ಮುಸುವ ಅಲ್ಲ, ಮೇಲೆ ನೋಡಿ' ಅಂದ್ರು, ಹತ್ತು ನಿಮಿಷ ಹುಡುಕಿದ್ರೂ ಎಲೆ ಬಿಟ್ರೆ ಏನೂ ಕಾಣ್ಲಿಲ್ಲ, ಆಮೇಲೆ ಅದೇ ಪಟಪಟ ಅಂತ ರೆಕ್ಕೆ ಬಡ್ಕೊಂಡು ಎದ್ದು ಹೋದಾಗ ನಮ್ಮ ತಲೆ ಮೇಲೇ ಇತ್ತು ಅಂತ ಗೊತ್ತಾಯ್ತು. ಇಷ್ಟು ದೊಡ್ಡ ಹಕ್ಕಿ ಅಷ್ಟು ಸುಮ್ಮನೆ ಕೂರತ್ತೆ.

ನಿಮ್ಮ ತೋಟದ ಆಲ, ಅತ್ತಿ, ಬಸರಿ ಮರದಲ್ಲಿ ಹಣ್ಣಾದಾಗ ಗುಂಪುಗುಂಪಾಗಿ ಹಸಿರು ಪಾರಿವಾಳಗಳೂ ಬರ್ತವೆ, ಅವುಗಳಲ್ಲಿ ಹಣೆ ಬೂದು ಇರೋ ಒಂದು ಜಾತಿ ಘಟ್ಟಕ್ಕೇ ಸೀಮಿತ. ಎಲೆ ಬಣ್ಣಕ್ಕೇ ಬೆರೆತು ಹೋಗ್ತವೆ, ಹಣ್ಣು ಉದುರೋ ಸದ್ದು ಕೇಳಿ ಮೇಲೆ ನೋಡಬೇಕು.

ಪ್ರಶ್ನೆ: ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟ್ ತುಂಬಾ ಪಾರಿವಾಳ. ಬಾಲ್ಕನಿಗೆ ನೆಟ್ ಹಾಕಿಸಿ ಸಾಕಾಯ್ತು. ಇಷ್ಟೊಂದಿರೋವಾಗ ಪಾರಿವಾಳ ಅಳಿವಿನ ಅಂಚಲ್ಲಿದೆ ಅಂತ ಓದಿದೆ, ಇದೆಂಥ ಮಾತು?

ಉತ್ತರ: ನಿಮ್ಮ ಬಾಲ್ಕನಿಯದ್ದು ಬೇರೆ ಜಾತಿ. ಅದು ಕೊಲಂಬ ಲಿವಿಯ, ಬಂಡೆ ಪಾರಿವಾಳ, ಅದರ ಮೂಲ ಮನೆ ಕಡಿದಾದ ಬಂಡೆಯ ಸಂದುಗೊಂದು, ಅಪಾರ್ಟ್‌ಮೆಂಟಿನ ಸಜ್ಜಾ, ಎಸಿ ಬಾಕ್ಸ್ ಹಿಂದಿನ ಜಾಗ ಎಲ್ಲಾ ಅದಕ್ಕೆ ಬಂಡೆ ಸಂದೇ. ಅದರ ನಿಜವಾದ ಕಾಡಿನ ಬದುಕು ನೋಡಬೇಕು ಅಂದ್ರೆ ಜೋಗಕ್ಕೆ ಹೋಗಿ, ಜಲಪಾತದ ಬಂಡೆ ಗೋಡೆಯಲ್ಲಿ ಗೂಡು ಮಾಡ್ಕೊಂಡು ನೀರಿನ ತುಂತುರಿನ ಮಧ್ಯೆ ಹಾರ್ತಾ ಇರ್ತವೆ, ಬೂದು ಮೈ, ರೆಕ್ಕೆ ಮೇಲೆ ಎರಡು ಕಪ್ಪು ಪಟ್ಟೆ, ಅದನ್ನ ನೋಡಿದ ಮೇಲೆ ಬಾಲ್ಕನಿ ಪಾರಿವಾಳದ ಮೇಲೂ ಸ್ವಲ್ಪ ಪ್ರೀತಿ ಬರತ್ತೆ.

ಆದ್ರೆ ಇದೊಂದು ಜಾತಿ ಹೆಚ್ಚಾಯ್ತು ಅಂತ ಪಾರಿವಾಳದ ಕುಲವೆಲ್ಲಾ ಚೆನ್ನಾಗಿದೆ ಅನ್ನೋಕಾಗಲ್ಲ. ಅಮೆರಿಕದಲ್ಲಿ ಪ್ಯಾಸೆಂಜರ್ ಪಿಜನ್ ಅಂತ ಒಂದಿತ್ತು, ಕೋಟಿಗಟ್ಟಲೆ, ಅದರ ಗುಂಪು ಹಾರಿದ್ರೆ ಆಕಾಶ ಮುಚ್ಚಿ ಗಂಟೆಗಟ್ಟಲೆ ನೆರಳಾಗ್ತಿತ್ತಂತೆ. ಬೇಟೆ ಮತ್ತು ಕಾಡು ಕಡಿತ ಎರಡೂ ಸೇರಿ, ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತುಹೋಯ್ತು. ನೀವು ಓದಿದ್ದು ನೀಲಗಿರಿ ಪಾರಿವಾಳದ ಬಗ್ಗೆ ಇರಬೇಕು, ಅದನ್ನ ಐಯುಸಿಎನ್ (ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಲೆಕ್ಕ ಇಡೋ ಅಂತಾರಾಷ್ಟ್ರೀಯ ಸಂಸ್ಥೆ) ಅಪಾಯಕ್ಕೆ ಈಡಾಗಬಹುದಾದ ಜಾತಿಗಳ ಪಟ್ಟಿಯಲ್ಲಿ ಇಟ್ಟಿದೆ.

ಪ್ರಶ್ನೆ: ಅಕ್ಕಾ, ನಾನು ಶಿರಸಿಯಲ್ಲಿ ಒಂಬತ್ತನೇ ಕ್ಲಾಸು. ಈ ಪಾರಿವಾಳದಲ್ಲಿ ಗಂಡು ಯಾವುದು ಹೆಣ್ಣು ಯಾವುದು ಹೇಗೆ ಗೊತ್ತಾಗತ್ತೆ? ಎಷ್ಟು ಮೊಟ್ಟೆ ಇಡತ್ತೆ?

ಉತ್ತರ: ತಮ್ಮಾ, ನವಿಲಿನ ಥರ ದೂರದಿಂದ ಹೇಳೋಕಾಗಲ್ಲ, ಹತ್ರದಿಂದ ನೋಡಬೇಕು. ಗಂಡಿನ ನೆತ್ತಿ ತಿಳಿ ಬೂದು, ಕೆಲವು ಸಲ ಬೆಳ್ಳಗೇ ಕಾಣತ್ತೆ. ಹೆಣ್ಣಿನ ನೆತ್ತಿ ಸ್ವಲ್ಪ ಗಾಢ ಬೂದು, ಅದರ ಗಂಟಲು ಬಿಳಿ, ಸುತ್ತ ಬೂದು ಅಂಚಿರೋದ್ರಿಂದ ಆ ಬಿಳಿ ಇನ್ನೂ ಎದ್ದು ಕಾಣತ್ತೆ. ಎರಡೂ ಜೋಡಿಯಾಗಿ ಒಂದೇ ಕೊಂಬೆ ಮೇಲೆ ಕೂತಾಗ ಹೋಲಿಸಿ ನೋಡಿದ್ರೆ ಸುಲಭ.

ಮೊಟ್ಟೆ ಒಂದೇ ಒಂದು. ಬಿಳೀದು. ಮಾರ್ಚ್‌ನಿಂದ ಜುಲೈ ಒಳಗೆ ಗೂಡು ಮಾಡತ್ತೆ. ಗೂಡು ಅಂದ್ರೆ ನೇಕಾರ ಹಕ್ಕಿ ಥರ ನೇಯ್ದಿರೋದು ಅಂದ್ಕೋಬೇಡ, ಮರದ ಮೇಲೆ ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟಂಗೆ ಇರತ್ತೆ ಅಷ್ಟೇ, ಗಾಳಿ ಬಂದ್ರೆ ಇದು ನಿಲ್ಲತ್ತಾ ಅಂತ ನೋಡೋರಿಗೆ ಭಯ ಆಗತ್ತೆ.

ಮರಿ ಹುಟ್ಟಿದ ಮೇಲೆ ಮೊದಮೊದಲು ಅಪ್ಪ ಅಮ್ಮ ಇಬ್ಬರೂ ಹಾಲು ಕುಡಿಸ್ತಾರೆ! ನಿಜ, ಹಸುವಿನ ಹಾಲಲ್ಲ, ಪಾರಿವಾಳಗಳ ಗಂಟಲಿನ ಚೀಲದ ಒಳಪದರ ಕಳಚಿ ಆಗೋ ಮೊಸರಿನಂಥ ಪದಾರ್ಥ, ಎಲ್ಲಾ ಪಾರಿವಾಳ, ಬೆಳವಗಳೂ ಹೀಗೇ ಮರಿ ಸಾಕ್ತವೆ. ಉಳಿದ ಎಷ್ಟೋ ಹಕ್ಕಿಗಳು ಮರಿಗೆ ಹುಳ ಹುಡುಕಿ ತರಬೇಕು, ಇವು ಹಣ್ಣು ತಿಂದೇ ಮರಿಗೆ ಬೇಕಾದ ಪೌಷ್ಟಿಕ ಆಹಾರ ತಮ್ಮ ಮೈಯಲ್ಲೇ ಮಾಡ್ಕೊಳ್ತವೆ. ಇನ್ನೊಂದು ವಿಷಯ, ನಿಮ್ಮ ಮನೆ ಹತ್ರ ನೀರಿಟ್ಟು ನೋಡು: ಕಾಗೆ ಒಂದು ಗುಟುಕು ತಗೊಂಡು ತಲೆ ಮೇಲೆತ್ತಿ ನುಂಗತ್ತೆ, ಬೆಳವ ಕೊಕ್ಕು ಮುಳುಗಿಸಿ ದನದ ಥರ ಒಂದೇ ಉಸಿರಿಗೆ ಹೀರತ್ತೆ. ಇದೂ ಪಾರಿವಾಳದ ಕುಲದ್ದೇ ಲಕ್ಷಣ.

ಒಂದೇ ಮೊಟ್ಟೆ ಅನ್ನೋದನ್ನ ಮಾತ್ರ ನೋಟ್‌ಬುಕ್ಕಲ್ಲಿ ದೊಡ್ಡದಾಗಿ ಬರ್ಕೊ. ಊರಿನ ಪಾರಿವಾಳ ಎರಡು ಮೊಟ್ಟೆ ಇಟ್ಟು ವರ್ಷದಲ್ಲಿ ಹಲವು ಸಲ ಮರಿ ಮಾಡತ್ತೆ. ಇದು ಹಾಗಲ್ಲವಲ್ಲ, ಹಾಗಾಗಿ ಒಂದು ಕಡೆ ಕಡಿಮೆ ಆಯ್ತು ಅಂದ್ರೆ ಮತ್ತೆ ತುಂಬ್ಕೊಳ್ಳೋಕೆ ತುಂಬಾ ವರ್ಷ ಹಿಡಿಯತ್ತೆ.

ಪ್ರಶ್ನೆ: ನಾವು ಲಂಡನ್ ಹತ್ರ ಇರೋದು, ಊರು ಚಿಕ್ಕಮಗಳೂರು. ಇಲ್ಲಿ ವುಡ್ ಪಿಜನ್ ಅಂತ ದಪ್ಪ ಪಾರಿವಾಳ ಪ್ರತಿ ಪಾರ್ಕಲ್ಲೂ ಇದೆ, ಕುತ್ತಿಗೆ ಪಕ್ಕ ಬಿಳಿ ಮಚ್ಚೆ. ನಮ್ಮ ಘಟ್ಟದ ಕಾಡುಪಾರಿವಾಳಕ್ಕೆ ಇದು ಸಂಬಂಧನಾ?

ಉತ್ತರ: ಸಂಬಂಧ ಇದೆ, ಎರಡೂ ಕೊಲಂಬ ಕುಲದವೇ. ಅಲ್ಲಿಯದ್ದು ಕೊಲಂಬ ಪಲಂಬಸ್, ಕುತ್ತಿಗೆಯ ಎರಡೂ ಪಕ್ಕ ಬಿಳಿ ಮಚ್ಚೆ, ಹಾರಿದಾಗ ರೆಕ್ಕೆಯಲ್ಲೂ ಬಿಳಿ ಪಟ್ಟೆ. ಅದು ಕಾಡು ಬಿಟ್ಟು ಹೊಲ, ಪಾರ್ಕು, ಹಿತ್ತಲು ಎಲ್ಲದಕ್ಕೂ ಒಗ್ಗಿಕೊಂಡಿದೆ, ಹಾಗಾಗಿ ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಇದೆ. ನಮ್ಮದು ಒಗ್ಗಿಕೊಳ್ಳೋ ಜಾತಿಯದ್ದಲ್ಲ, ಕಾಡು ಹೋದ್ರೆ ಅದೂ ಹೋಗತ್ತೆ.

ನಮ್ಮ ಹಕ್ಕಿಯ ಹತ್ತಿರದ ನೆಂಟರು ಇಬ್ಬರು. ಒಂದು ಶ್ರೀಲಂಕಾದ ಎತ್ತರದ ಕಾಡಲ್ಲಿ, ಅದಕ್ಕೆ ಅಲ್ಲಿನ ಒಬ್ಬ ಗವರ್ನರ್ ಹೆಂಡತಿಯ ಹೆಸರು, ಲೇಡಿ ಟಾರಿಂಗ್ಟನ್. ಇನ್ನೊಂದು ಹಿಮಾಲಯದ ಕಡೆ. ಮೂರಕ್ಕೂ ಕುತ್ತಿಗೆ ಮೇಲೆ ಒಂದೊಂದು ಥರದ ವಿಶೇಷ ಗರಿಗಳು, ಮೂರೂ ಬೆಟ್ಟದ ತಂಪು ಕಾಡಿನವು. ದಕ್ಷಿಣದ ಬೆಟ್ಟಕ್ಕೂ ಹಿಮಾಲಯಕ್ಕೂ ಮಧ್ಯೆ ಎಷ್ಟು ದೂರ, ಆದ್ರೂ ನೆಂಟಸ್ತನ.

ಆದ್ರೆ ನಿಮಗೆ ನಾನು ಹೇಳಬೇಕು ಅಂದ್ಕೊಂಡಿದ್ದು ಬೇರೆ. ನೀವು ಅಲ್ಲಿಂದ ರಜೆಗೆ ಮದೀರಾ ಅಥವಾ ಕೆನರಿ ದ್ವೀಪಕ್ಕೆ ಹೋಗೋದಾದ್ರೆ ಬೆಟ್ಟದ ಮೇಲಿನ ಮಂಜಿನ ಕಾಡಿಗೆ ತಪ್ಪದೇ ಹೋಗಿ. ಆ ಕಾಡಿಗೆ ಲಾರೆಲ್ ಕಾಡು ಅಂತಾರೆ, ಮದೀರಾದ್ದು 1999ರಿಂದ ವಿಶ್ವ ಪರಂಪರೆ ತಾಣ. ಮದೀರಾದಲ್ಲಿ ಒಂದು, ಕೆನರಿಯಲ್ಲಿ ಎರಡು ಕಾಡುಪಾರಿವಾಳ ಇವೆ, ಅಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ, ಅವೂ ಕೊಲಂಬ ಕುಲದವೇ, ಬದುಕೋದು ಈ ಲಾರೆಲ್ ಮರಗಳ ಹಣ್ಣಿನ ಮೇಲೆ. ಲಾರೆಲ್ ಅಂದ್ರೆ ಯಾವ ಕುಟುಂಬ ಗೊತ್ತಾ? ನಮ್ಮ ದಾಲ್ಚಿನ್ನಿ, ಗುಳಮಾವು ಮರಗಳ ಕುಟುಂಬವೇ! ನೀಲಗಿರಿ ಪಾರಿವಾಳಕ್ಕೂ ಅದೇ ಕುಟುಂಬದ ಹಣ್ಣುಗಳು ಅಂದ್ರೆ ಪ್ರಾಣ. ಹಣ್ಣು ಇಡಿಯಾಗಿ ನುಂಗಿ ಬೀಜವನ್ನ ಬೇರೆ ಕಡೆ ಹಾಕಿ ಬರತ್ತೆ, ದೊಡ್ಡ ಬೀಜ ಇರೋದ್ರಿಂದ ಸಣ್ಣ ಬಾಯಿಯ ಹಕ್ಕಿಗೆ ಅದು ನುಂಗೋಕಾಗಲ್ಲ, ಪಾರಿವಾಳಕ್ಕೆ ಆಗತ್ತೆ. ಅಟ್ಲಾಂಟಿಕ್ ಸಮುದ್ರದ ದ್ವೀಪದಲ್ಲೂ ನಮ್ಮ ಘಟ್ಟದಲ್ಲೂ ಇದೇ ಮರ ಇದೇ ಹಕ್ಕಿ ಅನ್ನೋ ಜೋಡಿ ನಿಂತಿದೆ ಅನ್ನೋದು ನನಗೆ ಯಾವತ್ತೂ ಹಳೇದಾಗದ ಸಂಗತಿ, ಮೊದಲ ಸಲ ತಿಳಿದ ದಿನ ಮನೇಲಿ ಸಿಕ್ಕವರಿಗೆಲ್ಲಾ ಹೇಳಿದ್ದೆ.

ಪ್ರಶ್ನೆ: ಕೊಡಗಿನಲ್ಲಿ ನಮ್ಮ ಅಜ್ಜನ ಕಾಲದಲ್ಲಿ ಈ ಪಾರಿವಾಳ ಮನೆ ಹಿಂದಿನ ಮರಕ್ಕೇ ಬರ್ತಿತ್ತಂತೆ, ಈಗ ಕಾಣಲ್ಲ. ಬೇಟೆ ಕಾರಣನಾ? ತೋಟದಲ್ಲಿ ಮರ ನೆಟ್ರೆ ವಾಪಸ್ ಬರತ್ತಾ?

ಉತ್ತರ: ಹಿಂದೆ ಬೇಟೆಯೂ ಕಾರಣ ಆಗಿತ್ತು, ದೊಡ್ಡ ಹಕ್ಕಿ, ಮಾಂಸ ಇದೆ, ಹಣ್ಣಿನ ಮರದ ಕೆಳಗೆ ಕಾದು ಕೂತ್ರೆ ಬಂದೇ ಬರತ್ತೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇವತ್ತು ಇದನ್ನ ಹೊಡೆಯೋದು ಅಪರಾಧ. ಆದ್ರೆ ದೊಡ್ಡ ಏಟು ಬಿದ್ದಿದ್ದು ಮರಕ್ಕೆ. ಘಟ್ಟದುದ್ದಕ್ಕೂ ಶೋಲಾ ಕಾಡು, ನಿತ್ಯಹಸಿರು ಕಾಡು ಕಡಿದು ಟೀ ಹಾಕಿದ್ವಿ, ನೀಲಗಿರಿ ಮರ ಅಂತ ನಾವು ಕರೆಯೋ ಯೂಕಲಿಪ್ಟಸ್ ಹಾಕಿದ್ವಿ, ವ್ಯಾಟಲ್ ಹಾಕಿದ್ವಿ. ಅವುಗಳಲ್ಲಿ ಈ ಹಕ್ಕಿ ತಿನ್ನೋ ಒಂದು ಹಣ್ಣೂ ಇಲ್ಲ.

ಕಾಫಿ ತೋಟದ ಕಥೆ ಸ್ವಲ್ಪ ಬೇರೆ. ಹಳೇ ತೋಟದಲ್ಲಿ ನೆರಳಿಗೆ ಕಾಡುಮರಗಳನ್ನೇ ಬಿಟ್ಟಿರ್ತಿದ್ರು, ಅತ್ತಿ, ಬಸರಿ, ನೇರಳೆ, ಹಲಸು, ಗುಳಮಾವು, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ. ಆಮೇಲೆ ಸಿಲ್ವರ್ ಓಕ್ ಬಂತು. ಆಸ್ಟ್ರೇಲಿಯಾದ ಮರ, ಬೇಗ ನೆಟ್ಟಗೆ ಬೆಳೆಯತ್ತೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ಅನುಕೂಲ, ಕಡಿದು ಮಾರೋಕೂ ಸುಲಭ. ತೋಟದವರ ಕಷ್ಟ ನನಗೆ ಗೊತ್ತು, ಬೆಲೆ ಬಿದ್ದ ವರ್ಷ ಮರ ಮಾರಿ ಮನೆ ನಡೆಸಿದವರು ನಮ್ಮ ನೆಂಟರಲ್ಲೇ ಇದ್ದಾರೆ, ಅವರನ್ನ ತಪ್ಪು ಅನ್ನೋಕೆ ನನ್ನ ಬಾಯಿ ಬರಲ್ಲ. ಆದ್ರೆ ಸಿಲ್ವರ್ ಓಕಿನಲ್ಲಿ ಪಾರಿವಾಳಕ್ಕೆ ಹಣ್ಣಿಲ್ಲ, ಕೂತು ಎದ್ದು ಹೋಗೋಕೆ ಒಂದು ಕಂಬ ಅಷ್ಟೇ.

ನೆಟ್ರೆ ಬರತ್ತಾ ಅಂದ್ರಲ್ಲ. ನಿಮ್ಮ ತೋಟದ ಪಕ್ಕ ದೇವರಕಾಡೋ ರಿಸರ್ವ್ ಫಾರೆಸ್ಟೋ ಇದ್ದು ಅಲ್ಲಿ ಈ ಹಕ್ಕಿ ಇನ್ನೂ ಇದ್ರೆ, ಹಣ್ಣಾಗೋ ಕಾಲಕ್ಕೆ ನಿಮ್ಮಲ್ಲಿಗೂ ಬರೋ ಸಾಧ್ಯತೆ ಖಂಡಿತ ಇದೆ. ಆದ್ರೆ ಹೊಸ ಸಸಿ ನೆಡೋದಕ್ಕಿಂತ ಮೊದಲು ಇರೋ ಹಳೇ ಮರದ ಲೆಕ್ಕ ತಗೊಳ್ಳಿ. ಇವತ್ತು ನೆಟ್ಟ ಗುಳಮಾವು ಹೊಟ್ಟೆ ತುಂಬಾ ಹಣ್ಣು ಕೊಡೋಕೆ ವರ್ಷಾನುಗಟ್ಟಲೆ ಬೇಕು, ನಿಂತಿರೋ ಒಂದು ದೊಡ್ಡ ಮರ ಈ ವರ್ಷವೇ ಕೊಡತ್ತೆ. ಮುಂದಿನ ಸಲ ನೆರಳು ಸವರುವಾಗ ಕೆಲಸದವರಿಗೆ ಯಾವ ಮರ ಮುಟ್ಟಬಾರದು ಅಂತ ಬಣ್ಣ ಹಚ್ಚಿ ತೋರಿಸಿ. ಅಜ್ಜ ಯಾವ ಮರ ಅಂದಿದ್ರು, ಮನೆಯಲ್ಲಿ ವಯಸ್ಸಾದವರು ಇದ್ರೆ ಕೇಳಿ ತಿಳ್ಕೊಳ್ಳಿ, ನಂಗೂ ಬರೆದು ತಿಳಿಸಿ, ಅದು ನಿಜವಾಗ್ಲೂ ಬೆಲೆ ಬಾಳೋ ಮಾಹಿತಿ.

ಪ್ರಶ್ನೆ: ಧಾರವಾಡದಾಗ ಮಾಸ್ತರ್ ಆಗಿ ರಿಟೈರ್ ಆಗೇನಿ. ಈ ಪಕ್ಷಿ ಒಮ್ಮೆ ಕಣ್ಣಾರೆ ನೋಡಬೇಕಂತ ಆಸೆ. ಎಲ್ಲಿಗೆ ಹೋಗಲಿ, ಯಾವಾಗ ಹೋಗಲಿ? ಬೆಟ್ಟ ಹತ್ತಲಿಕ್ಕೆ ಮೊಣಕಾಲು ಬಿಡೂದಿಲ್ಲ.

ಉತ್ತರ: ಸರ್, ಬೆಟ್ಟ ಹತ್ತೋದೇ ಬೇಡ. ನಿಮಗೆ ಎರಡು ಜಾಗ ಹೇಳ್ತೀನಿ.

ಮೊದಲನೆಯದು ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ ಕಡೆ. ರಸ್ತೆ ಪಕ್ಕದಲ್ಲೇ ಶೋಲಾ ಕಾಡಿನ ತುಂಡುಗಳು ಸಿಗ್ತವೆ, ಕಾರು ನಿಲ್ಲಿಸಿ ಇಳಿದು ನಿಂತ್ರೂ ಸಾಕು. ಎರಡನೆಯದು ದೂರ, ಆದ್ರೆ ಸಿಗೋ ಸಾಧ್ಯತೆ ಹೆಚ್ಚು: ನೀಲಗಿರಿ ಜಿಲ್ಲೆ ಕೋಟಗಿರಿ ಪಕ್ಕದ ಲಾಂಗ್‌ವುಡ್ ಶೋಲಾ. ಬರೀ 116 ಹೆಕ್ಟೇರ್ ಕಾಡು, ಸುತ್ತ ಊರು, ಟೀ ತೋಟ, ನಡುವೆ ಇದೊಂದು ಉಳ್ಕೊಂಡಿದೆ. 2024ರ ಜನವರಿ ಕೊನೆಗೆ ಅದನ್ನ ರಾಮ್‌ಸಾರ್ ಪಟ್ಟಿಗೆ (ಮಹತ್ವದ ಜೌಗು ಜಾಗಗಳ ಅಂತಾರಾಷ್ಟ್ರೀಯ ಪಟ್ಟಿ) ಸೇರಿಸಿದ್ರು, ಅದೇ ಸಲ ನಮ್ಮ ಅಘನಾಶಿನಿ ಅಳಿವೆ, ಅಂಕಸಮುದ್ರ, ನಿಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆನೂ ಸೇರಿದ್ವು, ನಿಮಗೆ ನೆನಪಿರಬಹುದು. ಒಳಗೆ ಹೋಗೋಕೆ ಅರಣ್ಯ ಇಲಾಖೆಯವರ ಹತ್ರ ಕೇಳಿಕೊಂಡು ಹೋಗಿ.

ಬೆಳಿಗ್ಗೆ ಬೆಳಕು ಹರಿದ ಮೇಲೆ ಒಂದೆರಡು ಗಂಟೆ ಒಳ್ಳೇ ಹೊತ್ತು. ಮಳೆಗಾಲದ ಜೋರು ಬಿಟ್ಟು ಹೋಗಿ, ಮಂಜಿದ್ರೆ ಚಿಂತೆ ಇಲ್ಲ. ಹಕ್ಕಿ ಹುಡುಕ್ತಾ ನಡೀಬೇಡಿ, ನೀವು ನಡೆದಷ್ಟೂ ಅದು ಸುಮ್ಮನಾಗತ್ತೆ. ನೆಲದ ಮೇಲೆ ಉದುರಿದ ಹಣ್ಣು ಎಲ್ಲಿ ಕಾಣತ್ತೋ ಆ ಮರದಿಂದ ಇಪ್ಪತ್ತು ಹೆಜ್ಜೆ ದೂರ ಒಂದು ಮಡಚೋ ಕುರ್ಚಿ ಹಾಕ್ಕೊಂಡು ಕೂತುಬಿಡಿ, ಟೋಪಿ ಬಟ್ಟೆ ಎಲ್ಲಾ ಮಂಕು ಬಣ್ಣದ್ದಿರಲಿ, ಬೈನಾಕ್ಯುಲರ್ ಇದ್ರೆ ಎಂಟು ಪಟ್ಟು ದೊಡ್ಡದು ಮಾಡೋದು ಸಾಕು, ಹತ್ತು ಪಟ್ಟಿನದ್ದಾದ್ರೆ ಕೈ ನಡುಗಿದಾಗ ಚಿತ್ರ ಅಲುಗಾಡತ್ತೆ. ಮುಸುವ ಕೂಗಿದಂಗೆ ಕೇಳಿಸಿದ್ರೆ ಕೂತಲ್ಲೇ ತಲೆ ಎತ್ತಿ. ಎಲೆ ಅಲ್ಲಾಡಿದ ಕಡೆ ಮೊದಲು ಬೂದು ಎದೆ ಕಾಣತ್ತೆ, ಅದು ಹಣ್ಣಿಗೆ ಕತ್ತು ಚಾಚಿ ಪಕ್ಕಕ್ಕೆ ತಿರುಗಬೇಕು, ಆವಾಗ ಕಾಣತ್ತೆ ನೋಡಿ ಸರ್ ಆ ಚೌಕಳಿ.